ಪ್ರತಿಕ್ರಿಯೆ: 2021ರ ಎಸ್‌ಎಸ್‌ಎಲ್‌ಸಿ ಬ್ಯಾಚಿನ ನೆನಪಿನ ಪುಸ್ತಕಕ್ಕೆ

ಕೊರೊನಾದಿಂದ ಕೊನೆಯ ವರ್ಷ ಶಾಲೆಯೇ ಸರಿಯಾಗಿ ನಡೆಯಲಿಲ್ಲ, ನಮ್ಮ 2021ರ ಬ್ಯಾಚಿನ ನೆನಪಿನ ಪುಸ್ತಕಕ್ಕೆ ಏನು ಬರೆಯಲಿ ಅಂತ ಕೇಳಿದ್ದೀರಿ. ಆ ವರ್ಷವನ್ನೇ ಬರೆಯಿರಿ. ನಾನೂ ಅದೇ ಬ್ಯಾಚು.

ಒಂಬತ್ತನೇ ಕ್ಲಾಸಿನ ಪರೀಕ್ಷೆ ಬರೆಯದೆ ಹತ್ತಕ್ಕೆ ಬಂದವರು ನಾವು, ಅಲ್ವಾ? ಆಮೇಲೆ ಟಿವಿಯಲ್ಲಿ ಚಂದನ ವಾಹಿನಿಯ ಪಾಠ, ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಬಂದು ಪಾಠ ಹೇಳುವ ವಿದ್ಯಾಗಮ. ನಮ್ಮೂರಲ್ಲಿ ವಿದ್ಯಾಗಮ ನಡೆದದ್ದು ದೇವಸ್ಥಾನದ ಜಗುಲಿ ಮೇಲೆ. ಗಣಿತದ ಮೇಷ್ಟ್ರು ಕಂಬಕ್ಕೆ ಬೋರ್ಡು ಒರಗಿಸಿ ತ್ರಿಕೋನಮಿತಿ ಹೇಳುತ್ತಿದ್ದರೆ, ಪಕ್ಕದಲ್ಲಿ ಕಟ್ಟಿದ್ದ ಕರು ಸೀಮೆಸುಣ್ಣದ ಡಬ್ಬಿ ನೆಕ್ಕುತ್ತಿತ್ತು. ಜನವರಿ 1ಕ್ಕೆ ಶಾಲೆ ತೆರೆಯಿತು, ಬೇಸಿಗೆಯಲ್ಲಿ ಮತ್ತೆ ಲಾಕ್‌ಡೌನ್.

ಪರೀಕ್ಷೆ ಎರಡೇ ದಿನ, ಜುಲೈ 19 ಮತ್ತು 22. ದಿನಕ್ಕೆ ಮೂರು ವಿಷಯ, ಒಂದೊಂದಕ್ಕೆ 40 ಅಂಕ, ಸರಿ ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆ. 22ರಂದು ಮಾಸ್ಕ್ ಹಾಕಿಕೊಂಡೇ ಗೇಟಿನ ಹತ್ತಿರ ಐದು ನಿಮಿಷ ನಿಂತಿದ್ದೆವು. ಗ್ರೂಪ್ ಫೋಟೋ ಇಲ್ಲ, ಬೀಳ್ಕೊಡುಗೆ ಇಲ್ಲ. ಗೆಳತಿಯೊಬ್ಬಳು ಪ್ರಶ್ನೆಪತ್ರಿಕೆಯ ಹಿಂದೆ ಎಲ್ಲರ ಹೆಸರು ಬರೆಸಿಕೊಂಡಳು. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಲ್ಲರಿಗೂ ಒಂದೇ ಪ್ರಶ್ನೆ ಕಳಿಸಿ: ಆ 22ನೇ ತಾರೀಕು ಗೇಟಿನಿಂದ ಯಾರ ಜೊತೆ ಮನೆಗೆ ಹೋದಿರಿ? ಉತ್ತರಗಳನ್ನು ತಿದ್ದಬೇಡಿ, ಹಾಗೇ ಹಾಕಿ. ಮೊಬೈಲ್ ಇಲ್ಲದೆ ಪಾಠ ತಪ್ಪಿಹೋದವರನ್ನು ಮೊದಲು ಕೇಳಿ.