ದೋಣಿಯಲ್ಲಿ ಮಲಗಿದ್ದವನು

ಪ್ರಿಯ ಓದುಗರೇ,

ಬೈಬಲಿನ ಐಗುಪ್ತ (ಈಜಿಪ್ಟ್) ಅಂದರೆ ನಮ್ಮ ಹಳೆಯ ಚಟ, ಅಲ್ಲಿನ ರಾಜ ಫರೋಹ ಅಂದರೆ ಅಹಂಕಾರ, ಯೇಸು ಅಂದರೆ ನಮ್ಮೊಳಗೆ ಎಚ್ಚರವಾಗುವ ಪ್ರಜ್ಞೆ ಎಂದು ಬರೆದಿದ್ದೀರಿ. ಬೈಬಲ್ ಪೂರ್ತಿ ಮನಸ್ಸಿನೊಳಗಿನ ಕಥೆ, ಹೊರಗೆ ಏನು ನಡೆದಿದ್ದರೂ ಲೆಕ್ಕಕ್ಕಿಲ್ಲ ಎಂದಿದ್ದೀರಿ. ಹೀಗೆ ಓದುವುದು ತಪ್ಪಾ ಅಂತಲೂ ಕೇಳಿದ್ದೀರಿ. ಒಳಗೆ ತಿರುಗಿಸಿಕೊಂಡು ಓದುವುದು ತಪ್ಪಲ್ಲ. ಆ 'ಲೆಕ್ಕಕ್ಕಿಲ್ಲ'ದ ಬಗ್ಗೆ ಮಾತ್ರ ನನ್ನ ತಕರಾರಿದೆ.

ಈ ಓದು ಹೊಸ ಫ್ಯಾಷನ್ ಏನಲ್ಲ. ಯೇಸುವಿನ ಕಾಲದವನೇ ಆದ ಅಲೆಕ್ಸಾಂಡ್ರಿಯಾದ ಯೆಹೂದಿ ಚಿಂತಕ ಫಿಲೋ, ಆದಾಮನನ್ನು ಬುದ್ಧಿ ಎಂದೂ ಹವ್ವಳನ್ನು ಇಂದ್ರಿಯ ಎಂದೂ ಓದಿದ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಯೇಸುವಿನ ಸಂದೇಶ ಸಾರಿದ ಪೌಲನೇ, ಅಬ್ರಹಾಮನ ದಾಸಿ ಹಾಗರ್ ಮತ್ತು ಹೆಂಡತಿ ಸಾರಳನ್ನು ದೇವರು ಮನುಷ್ಯರೊಡನೆ ಮಾಡಿಕೊಂಡ ಎರಡು ಒಡಂಬಡಿಕೆಗಳ ಸಂಕೇತ ಮಾಡಿಕೊಂಡ. 3ನೇ ಶತಮಾನದ ಕ್ರೈಸ್ತ ಚಿಂತಕ ಒರಿಜೆನ್ ಇನ್ನೂ ನೇರ. ಸೂರ್ಯನೇ ಇಲ್ಲದೆ ಸೃಷ್ಟಿಯ ಮೊದಲ ಮೂರು ದಿನ ಹೇಗೆ ಆದವು, ದೇವರೇನು ರೈತನ ಹಾಗೆ ಏದೆನ್ ತೋಟದಲ್ಲಿ ಗಿಡ ನೆಟ್ಟನಾ ಎಂದು ಕೇಳಿಯೇಬಿಟ್ಟ.

ನನಗೆ ಜಾಸ್ತಿ ಇಷ್ಟವಾದದ್ದು ಪ್ರಾಚೀನ ಕ್ರೈಸ್ತ ಧರ್ಮಗುರು ಅಗಸ್ಟೀನನ ಒಂದು ಪ್ರವಚನ. ಗಲಿಲಾಯ ಸರೋವರದ ಬಿರುಗಾಳಿ ನೆನಪಿದೆ ಅಲ್ವಾ? ಅಲೆ ದೋಣಿಯೊಳಗೇ ನುಗ್ಗುತ್ತಿದೆ. ಯೇಸು ಮಾತ್ರ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾನೆ. (ಯೇಸುವಿನ ಕಥೆ ಬರೆದವರಲ್ಲಿ ಆ ದಿಂಬಿನ ವಿಷಯ ಹೇಳುವವನು ಮಾರ್ಕ ಒಬ್ಬನೇ.) ಅಗಸ್ಟೀನ್ ಇದನ್ನು ಹೀಗೆ ಬಿಡಿಸುತ್ತಾನೆ: ಯಾರೋ ನಿನ್ನನ್ನು ಬೈದರು, ಅದು ಗಾಳಿ. ನಿನಗೆ ಸಿಟ್ಟು ಬಂತು, ಅದು ಅಲೆ. ಸೇಡು ತೀರಿಸಿಕೊಳ್ಳಲು ಹೊರಟೆ, ದೋಣಿ ಮುಳುಗುತ್ತಿದೆ. ಯಾಕೆ? ಕ್ರಿಸ್ತ ನಿನ್ನೊಳಗೆ ಮಲಗಿದ್ದಾನೆ, ಅಂದರೆ ನೀನು ಅವನನ್ನು ಮರೆತಿದ್ದೀಯ. ಎಬ್ಬಿಸು.

ಇದಕ್ಕಿಂತ ಒಳಗಿನ ಓದು ಬೇಕಾ? ಆದರೂ ಸರೋವರ ಸುಳ್ಳು ಎಂದು ಅಗಸ್ಟೀನ್ ಹೇಳಲಿಲ್ಲ. ಹೇಳುವ ಅಗತ್ಯವೂ ಅವನಿಗೆ ಬೀಳಲಿಲ್ಲ.

ಈಗ ಬೈಬಲಿನಲ್ಲಿ ಲೂಕನ ಸುವಾರ್ತೆಯ 16ನೇ ಅಧ್ಯಾಯ ತೆಗೆಯಿರಿ. ಒಳಗೆ ಬೆಲೆಬಾಳುವ ಬಟ್ಟೆ ತೊಟ್ಟ ಶ್ರೀಮಂತ ದಿನವೂ ಹಬ್ಬ ಮಾಡುತ್ತಿದ್ದಾನೆ. ಬಾಗಿಲಲ್ಲಿ ಮೈತುಂಬ ಹುಣ್ಣಾದ ಲಾಜರ ಬಿದ್ದಿದ್ದಾನೆ, ನಾಯಿಗಳು ಹುಣ್ಣು ನೆಕ್ಕುತ್ತಿವೆ. ಇದು ಯೇಸು ಹೇಳಿದ ಸಾಮತಿ (ದೃಷ್ಟಾಂತ ಕಥೆ), ನಡೆದ ಸಂಗತಿಯೇ ಅಲ್ಲ. ಹಾಗಾಗಿ ಇತಿಹಾಸದ ಜಗಳ ಇಲ್ಲಿ ಬೇಡ. ಲಾಜರ ಅಂದರೆ ನನ್ನ ಮನಸ್ಸಿನ ನಿರ್ಲಕ್ಷಿತ ಮೂಲೆ ಎಂದು ಆರಾಮಾಗಿ ಓದಬಹುದು. ಆದರೆ ಹಾಗೆ ಓದಿ ಮುಗಿಸಿದ ಕೂಡಲೇ ಬಾಗಿಲು ಖಾಲಿಯಾಗುತ್ತದೆ. ಹಸಿದವನೂ ನಾನೇ, ಉಣ್ಣುವವನೂ ನಾನೇ. ಎದ್ದು ಹೋಗಿ ಊಟ ಕೊಡುವ ಕೆಲಸ ಯಾರಿಗೂ ಉಳಿಯುವುದಿಲ್ಲ. ಕಥೆಯಲ್ಲಿ ಶ್ರೀಮಂತ ಮಾಡಿದ್ದೂ ಅದನ್ನೇ: ಕಣ್ಣೆದುರು ಇದ್ದವನನ್ನು ಕಾಣದೆ ಹೋದ.

ಒಳಗಿನ ದಾರಿಯನ್ನೇ ಬೋಧಿಸಿದ ಜರ್ಮನ್ ಕ್ರೈಸ್ತ ಅನುಭಾವಿ ಮೈಸ್ಟರ್ ಎಕಾರ್ಟ್ ಇಲ್ಲಿ ನಿಮಗೆ ಉಪಯೋಗಕ್ಕೆ ಬರುತ್ತಾನೆ. ಅವನು ತೀರಿಕೊಂಡ ಮೇಲೆ, 1329ರಲ್ಲಿ, ಪೋಪ್ ಅವನ ಹಲವು ಮಾತುಗಳನ್ನು ಖಂಡಿಸಿದರು. ಅಷ್ಟು ಧೈರ್ಯಸ್ಥ. ಲೂಕನಲ್ಲೇ ಇನ್ನೊಂದು ಕಥೆಯಿದೆ: ಯೇಸು ಮನೆಗೆ ಬಂದಾಗ ಮರಿಯ ಅವನ ಪಾದದ ಬಳಿ ಕೂತು ಕೇಳುತ್ತಾಳೆ, ಅಕ್ಕ ಮಾರ್ಥ ಅತಿಥಿಗಳ ಕೆಲಸದಲ್ಲಿ ಒದ್ದಾಡುತ್ತಾಳೆ. ಯೇಸು ಹೊಗಳಿದ್ದು ಮರಿಯಳನ್ನು. ಎಕಾರ್ಟ್ ಮಾತ್ರ ಎದ್ದು ಕೆಲಸ ಮಾಡುವ ಮಾರ್ಥಳೇ ಮಾಗಿದವಳು, ಮರಿಯ ಇನ್ನೂ ಕಲಿಯುತ್ತಿದ್ದಾಳೆ ಎಂದ. ಆ ಪ್ರವಚನ ಓದಿ, ಒಪ್ಪದಿದ್ದರೆ ಇನ್ನೊಂದು ಪತ್ರ ಬರೆಯಿರಿ.

ಸಂ.