ಬಚ್ಚಲಿಗೆ ಬಂದ ಹುಳುಹಾವು

ಪ್ರಶ್ನೆ: ಮಳೆ ಶುರುವಾದ ಮೇಲೆ ನಮ್ಮ ಬಚ್ಚಲಲ್ಲಿ ಎರೆಹುಳದಂಥ ಕಪ್ಪು ಮರಿಹಾವುಗಳು ಕಾಣಿಸುತ್ತಿವೆ. ಒಂದೇ ವಾರದಲ್ಲಿ ಮೂರು ಸಿಕ್ಕವು. ಮಲಗಿದಾಗ ಕಿವಿಗೆ ನುಗ್ಗುತ್ತವೆ ಅಂತ ಅಜ್ಜಿ ಕುದಿಯುವ ನೀರು ಹುಯ್ಯುತ್ತಾರೆ. ಇವು ನಾಗರಹಾವಿನ ಮರಿಗಳಾ? ತಾಯಿ ಹಾವು ಇಲ್ಲೇ ಎಲ್ಲೋ ಇದೆಯಾ?
- ಓದುಗರು, ಮದ್ದೂರು

ಉತ್ತರ: ಮೊದಲು ಅಜ್ಜಿಯ ಕೈಯಿಂದ ಆ ಚೊಂಬು ಇಸಿದುಕೊಳ್ಳಿ. ನೀವು ಹೇಳುವುದು ನೋಡಿದರೆ ಅದು ಹುಳುಹಾವು. ಕುರುಡು ಹಾವು ಅಂತಲೂ ಅನ್ನುತ್ತಾರೆ. ಪೂರ್ತಿ ಬೆಳೆದರೂ ಗೇಣುದ್ದ ದಾಟುವುದು ಅಪರೂಪ. ವಿಷವಿಲ್ಲ. ನಮ್ಮನ್ನು ಕಚ್ಚುವಷ್ಟು ದೊಡ್ಡ ಬಾಯಿಯೂ ಇಲ್ಲ. ಅದಕ್ಕೆ ಬೇಕಾದ್ದು ಇರುವೆ, ಗೆದ್ದಲಿನ ಮೊಟ್ಟೆ ಮತ್ತು ಮರಿ. ನಿಮ್ಮ ಕಿವಿಯಲ್ಲಿ ಅದಕ್ಕೇನು ಕೆಲಸ?

ಮೈಸೂರಿನ ನಮ್ಮ ಮನೆಯಲ್ಲಿ ಮಲ್ಲಿಗೆ ಕುಂಡದ ಮಣ್ಣು ಬದಲಿಸುವಾಗ ಒಂದು ಅಂಗೈಗೇ ಬಂತು. ಎರೆಹುಳದ ಅಂಟಿಲ್ಲ, ಮೈಮೇಲೆ ಉಂಗುರಗಳಿಲ್ಲ. ಒಣಗಿದ, ನುಣುಪಾದ ಮೈ. ಭೂತಗನ್ನಡಿಯಲ್ಲಿ ನೋಡಿದರೆ ಹೊಳೆಯುವ ಹುರುಪೆಗಳು, ತಲೆಯ ಹುರುಪೆಯ ಕೆಳಗೆ ಎರಡು ಕಪ್ಪು ಚುಕ್ಕೆ. ಅವೇ ಕಣ್ಣು. ಬೆಳಕು, ಕತ್ತಲು ಗೊತ್ತಾಗುತ್ತದೆ, ಅಷ್ಟೇ. ಆಮೇಲೆ ಬೆರಳಿಗೆ ಏನೋ ಚುಚ್ಚಿತು. ಕಚ್ಚಿತು ಅಂತ ಕೈ ಕೊಡವುವವರೇ ಜಾಸ್ತಿ. ಅದು ಬಾಲದ ತುದಿಯ ಪುಟ್ಟ ಮುಳ್ಳು. ಅದನ್ನು ಮಣ್ಣಿಗೆ ಊರಿಕೊಂಡು ಮುಂದೆ ಸರಿಯುತ್ತದೆ.

ತಾಯಿ ಎಲ್ಲಿ ಅಂತ ಕೇಳಿದ್ದೀರಿ. ನೀವು ನೋಡಿದ ಮೂರೂ ತಾಯಂದಿರೇ ಇರಬಹುದು! ಈ ಜಾತಿಯಲ್ಲಿ ಎಲ್ಲವೂ ಹೆಣ್ಣು. ಗಂಡಿನ ಸಂಗವಿಲ್ಲದೆ ಮೊಟ್ಟೆ ಇಡುತ್ತವೆ, ಮರಿಗಳೂ ಹೆಣ್ಣೇ. ನನಗಂತೂ ಇದು ಎಷ್ಟು ಸಲ ನೆನೆದರೂ ಬೆರಗು. ಗಿಡದ ಕುಂಡಗಳ ಮಣ್ಣಿನ ಜೊತೆ ಹವಾಯಿ, ಫ್ಲೋರಿಡಾವರೆಗೂ ಹೋಗಿ ನೆಲೆಸಿದೆ. ಒಂದೇ ಒಂದು ತಲುಪಿದರೂ ಸಂಸಾರ ಶುರು, ಅಲ್ವಾ?

ಮಳೆನೀರು ಮಣ್ಣಿಗೆ ತುಂಬಿದಾಗ ಮೇಲೆ ಬರುತ್ತವೆ, ಮೋರಿ ಹಿಡಿದು ಬಚ್ಚಲು ಸೇರುತ್ತವೆ. ನುಣುಪು ನೆಲದಲ್ಲಿ ಹಿಡಿತ ಸಿಗದೆ ಒದ್ದಾಡುತ್ತವೆ. ನಾವು ಅದನ್ನೇ ಮೈಮೇಲೆ ಬರುತ್ತಿದೆ ಅಂದುಕೊಳ್ಳುತ್ತೇವೆ. ಮೋರಿ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಒಂದು ಎಚ್ಚರಿಕೆ: ಮೈಮೇಲೆ ಬಿಳಿ ಪಟ್ಟೆ ಕಂಡರೆ ಹತ್ತಿರ ಹೋಗಬೇಡಿ. ಕಟ್ಟುಹಾವಿನ ಮರಿ ಇರಬಹುದು, ಅದಕ್ಕೆ ವಿಷವಿದೆ. ಹಾವು ಹಿಡಿಯುವವರನ್ನು ಕರೆಯಿರಿ.

ಹುಳುಹಾವೇ ಆದರೆ ಒಂದು ರಟ್ಟಿನ ಮೇಲೆ ಹತ್ತಿಸಿಕೊಂಡು ಹಿತ್ತಲಿನ ಒದ್ದೆ ಮಣ್ಣಿಗೆ ಬಿಡಿ. ಅಜ್ಜಿಯನ್ನೂ ಕರೆದು ತೋರಿಸಿ. ಮಣ್ಣು ತಾಗಿದ್ದೇ ತಡ, ತಲೆ ಒಳಗೆ ತೂರಿಸುತ್ತದೆ. ಬಾಲ ಒಂದು ಸಲ ಮಿಂಚಿ ಮರೆಯಾಗುತ್ತದೆ.