ಒಮ್ಮೆ ಬಿದ್ದ ಮೇಲೆ ಅಪ್ಪ ಜಗುಲಿ ಬಿಟ್ಟು ಇಳಿಯುತ್ತಿಲ್ಲ. ಇದು ಭಯವೇ ಅಂತ ಅಳೆಯುವುದು ಹೇಗೆ?

"ಕೇಳಿದರೆ ಭಯವೇ ಇಲ್ಲ ಅನ್ನುತ್ತಾರೆ" ಅಂತಲೂ ನಿಮ್ಮ ಪ್ರಶ್ನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಭಯ ಇದೆಯಾ ಅಂತ ಕೇಳುವುದನ್ನು ಮೊದಲು ನಿಲ್ಲಿಸಿ. ನಾನು ಆರು ತಿಂಗಳು ಅದನ್ನೇ ಕೇಳಿ ಸೋತವನು.

ನಮ್ಮ ಮನೆ ಶಿರಸಿಯ ಹತ್ತಿರದ ಹಳ್ಳಿಯಲ್ಲಿ. ಆಯಿಗೆ (ಅಮ್ಮನಿಗೆ) 74. ಎರಡು ಮಳೆಗಾಲದ ಹಿಂದೆ ಅಂಗಳದ ಹಾವಸೆಯಲ್ಲಿ ಜಾರಿ ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ. ಆದರೆ ಮೊದಲು ತೋಟಕ್ಕೆ ಇಳಿಯುವುದು ನಿಂತಿತು, ಆಮೇಲೆ ಕೊಟ್ಟಿಗೆ, ಆಮೇಲೆ ಪಕ್ಕದ ಮನೆ. ಕೇಳಿದರೆ ಒಂದೇ ಮಾತು: "ಎಂಗೆಂತ ಹೆದ್ರಿಕೆ ತಮಾ, ಹೋಪ ಕೆಲಸ ಇಲ್ಲೆ." (ನನಗೇನು ಹೆದರಿಕೆ, ಹೋಗುವ ಕೆಲಸ ಇಲ್ಲ ಅಂತ.)

ಫಿಸಿಯೋಥೆರಪಿಸ್ಟ್ ಒಬ್ಬರು ವಿಷಯ ಬಿಡಿಸಿ ಹೇಳಿದರು. ಭಯ ಅಳೆಯುವುದು ಬೇರೆ, ಭಯದಿಂದ ಏನೇನು ಬಿಟ್ಟಿದ್ದಾರೆ ಅಂತ ಅಳೆಯುವುದು ಬೇರೆ. ಮೊದಲನೆಯದಕ್ಕೆ 2005ರಲ್ಲಿ ಬಂದ 'ಎಫ್‌ಇಎಸ್-ಐ' ಎಂಬ 16 ಪ್ರಶ್ನೆಗಳ ಪಟ್ಟಿ ಇದೆ. ಸ್ನಾನ ಮಾಡುವಾಗ, ಮೆಟ್ಟಿಲು ಹತ್ತುವಾಗ ಬಿದ್ದೇನು ಅನ್ನುವ ಚಿಂತೆ ಎಷ್ಟು ಅಂತ ಕೇಳುತ್ತದೆ. ಆ ಕೆಲಸ ಈಗ ಮಾಡುತ್ತಿಲ್ಲ ಅಂದರೆ, ಮಾಡಿದರೆ ಹೇಗನಿಸೀತು ಅಂತ ಊಹಿಸಿ ಹೇಳಬೇಕು. ಆಯಿ ಊಹಿಸುವ ಪೈಕಿಯೇ ಅಲ್ಲ. ಎಲ್ಲದಕ್ಕೂ "ಚಿಂತೆ ಇಲ್ಲೆ". ಜಗುಲಿಯಲ್ಲೇ ಕೂತವಳಿಗೆ ಯಾಕೆ ಚಿಂತೆ, ಅಲ್ವಾ?

ನಮಗೆ ಕೆಲಸಕ್ಕೆ ಬಂದದ್ದು ಎರಡನೆಯದನ್ನು, ಅಂದರೆ ಬಿಟ್ಟದ್ದನ್ನು ಅಳೆಯುವ, 2011ರಲ್ಲಿ ಬಂದ ಪಟ್ಟಿ 'ಎಫ್‌ಎಫ್‌ಎಬಿಕ್ಯೂ'. ಇದರಲ್ಲಿ 14 ಮಾತುಗಳಿವೆ. ಎಲ್ಲವೂ "ಬೀಳುವ ಭಯದಿಂದ ನಾನು ಇಂಥದ್ದನ್ನು ಮಾಡುವುದಿಲ್ಲ" ಅನ್ನುವ ಥರದವು. ನಡೆಯುವುದು, ಭಾರ ಎತ್ತುವುದು, ಮಂದ ಬೆಳಕಲ್ಲಿ ಓಡಾಡುವುದು, ಜನಜಂಗುಳಿ, ಸ್ನಾನ, ಅಡುಗೆ, ಹೀಗೆ. ಪೂರ್ತಿ ಒಪ್ಪಿದರೆ 4, ಒಂದಿಷ್ಟೂ ಒಪ್ಪದಿದ್ದರೆ 0. ಒಟ್ಟು 56. ಅಂಕ ಜಾಸ್ತಿಯಾದಷ್ಟೂ ಬಿಟ್ಟದ್ದು ಜಾಸ್ತಿ.

ಆಯಿಗೆ 31 ಬಂತು. ಅದೇ ದಿನ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವ ಪರೀಕ್ಷೆಯನ್ನೂ ಮಾಡಿಸಿದರು. 11 ಸೆಕೆಂಡು. 12 ಅಥವಾ ಅದಕ್ಕಿಂತ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅಂದರೆ ಕಾಲು ಮಾಡಬಲ್ಲ ಎಷ್ಟೋ ಕೆಲಸವನ್ನು ಮನಸ್ಸು ತಡೆದಿತ್ತು. ಹೀಗೆಯೇ ಕೂತರೆ ತೊಡೆಯ ಶಕ್ತಿ ಕುಗ್ಗಿ, ಆಮೇಲೆ ನಿಜವಾಗಿಯೂ ಬೀಳುತ್ತಾರೆ ಅಂದರು.

ನನ್ನ ಮಟ್ಟಿಗೆ ಆ 31ಕ್ಕಿಂತ ಒಂದೊಂದೇ ಮಾತು ಹಿಡಿದು ಕೂತದ್ದೇ ದೊಡ್ಡದು. "ಬೇರೆ ಬೇರೆ ನೆಲದ ಮೇಲೆ ನಡೆಯುವುದು" ಅಂದರೆ ಅವಳಿಗೆ ಅರ್ಥವಾಗಲಿಲ್ಲ. ಅಂಗಳ, ದಣಪೆ (ಬೇಲಿಯ ಗೇಟು), ಹಳ್ಳದ ಸಂಕ (ಕಾಲುಸೇತುವೆ) ಅಂದ ಕೂಡಲೇ ಮುಖ ಬದಲಾಯಿತು. (ಹೀಗೆ ಮಾತು ಬದಲಿಸಿದರೆ ಅಂಕವನ್ನು ಬೇರೆಯವರ ಅಂಕದ ಜೊತೆ ಹೋಲಿಸಬೇಡಿ. ನಿಮ್ಮ ಮನೆಯವರದೇ ಮೊದಲಿನ ಅಂಕ, ಆಮೇಲಿನ ಅಂಕ ಹೋಲಿಸಿ ನೋಡಲು ಸಾಕು.) ಪ್ರತಿಯೊಂದಕ್ಕೂ "ಭಯವಾ, ಬೇರೆ ಕಾರಣವಾ?" ಅಂತ ಕೇಳಿ. ಮಾರಿಕಾಂಬಾ ಜಾತ್ರೆಗೆ ಬರಲ್ಲ ಅಂದದ್ದು ಜನರ ನೂಕಾಟಕ್ಕೆ ಹೆದರಿ ಅಂದುಕೊಂಡಿದ್ದೆ. ಅಲ್ಲ. ಅಷ್ಟು ಹೊತ್ತು ಮೂತ್ರ ಕಟ್ಟಿಕೊಂಡು ಇರಲಾಗುವುದಿಲ್ಲವಂತೆ!

ಮುಂದೆ ಮಾಡಿದ್ದು ದೊಡ್ಡದೇನಲ್ಲ. ಹಾವಸೆ ಕೆರೆದು ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದೆವು. ದಿನಾ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ. ಮೂರು ತಿಂಗಳಿಗೆ ಅಂಕ 19ಕ್ಕೆ ಇಳಿಯಿತು, ಕೊಟ್ಟಿಗೆಗೆ ಹೋಗುತ್ತಾಳೆ. ಸಂಕಕ್ಕೆ ಮಾತ್ರ ಈಗಲೂ ಪೂರ್ತಿ 4. ಅದಕ್ಕೆ ನಾನು ಸುಮ್ನಿದ್ದೇನೆ, ಆಷಾಢದ ಮಳೆಯಲ್ಲಿ ಅದನ್ನು ದಾಟಲು ನನಗೂ ಹೆದರಿಕೆಯೇ.

ಒಂದು ಮಾತು: ಬೀಳುವ ಮುಂಚೆ ಅಪ್ಪನಿಗೆ ತಲೆ ತಿರುಗಿತ್ತಾ, ಕಣ್ಣು ಕತ್ತಲೆ ಬಂದಿತ್ತಾ ಕೇಳಿ. ಹೌದು ಅಂದರೆ ಈ ಪಟ್ಟಿಯೆಲ್ಲ ಆಮೇಲೆ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ಇದ್ದರೆ ಚೀಟಿಯನ್ನೂ ಒಯ್ಯಿರಿ.